ಉದ್ಯಮಶೀಲತೆಯ ಪ್ರೇರಣೆ (ವಾಣಿಜ್ಯ ವಿದ್ಯಾರ್ಥಿಗಳಲ್ಲಿ)

ವಾಣಿಜ್ಯ, ಮ್ಯಾನೇಜ್‌ಮೆಂಟ್ ಓದುವವರನ್ನು ನೌಕರಿಯ ಬದಲು ಸ್ವಂತ ಉದ್ಯಮದತ್ತ ಸೆಳೆಯುವ ಒತ್ತಾಸೆ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್‌ಲೆಲಂಡ್ ಇದರ ಬೇರನ್ನು ಹಣದಾಸೆಗಿಂತ ಸಾಧನೆಯ ಹಂಬಲದಲ್ಲಿ ಕಂಡರು (1961). ಆ ಹಂಬಲವನ್ನು ತರಬೇತಿಯಿಂದ ಬೆಳೆಸಲಾದೀತೇ ಎಂದು 1960ರ ದಶಕದಲ್ಲಿ ಕಾಕಿನಾಡದ ವ್ಯಾಪಾರಿಗಳ ನಡುವೆ ಪ್ರಯೋಗ ನಡೆಸಿದರು. ಮನೋವಿಜ್ಞಾನಿ ಐಸೆಕ್ ಐಜೆನ್ ಅವರ ಸಿದ್ಧಾಂತದಂತೆ (1991) ಸ್ವಂತ ಒಲವು, ಆಪ್ತರ ಅಭಿಪ್ರಾಯ, ‘ನನ್ನಿಂದಾದೀತು’ ಎಂಬ ನಂಬಿಕೆ ಕೂಡಿ ಸಂಕಲ್ಪವಾಗುತ್ತದೆ. ಸಾಲ ಮಾಡಿ ಓದಿಸಿದ ಮನೆಗಳಲ್ಲಿ ಎರಡನೆಯದರ ತೂಕವೇ ಹೆಚ್ಚಾಗುವುದು ಸಹಜ. ಪ್ರೇರಣೆ ದಿನನಿತ್ಯದ ಗಮನಿಕೆಯಿಂದಲೂ ಹುಟ್ಟಬಹುದು: ಅಹಮದಾಬಾದ್ ಐಐಎಂನಲ್ಲಿ ಓದಿದ ಸಂಜೀವ್ ಬಿಖ್‌ಚಂದಾನಿ, ಕಚೇರಿಯಲ್ಲಿ ಸಹೋದ್ಯೋಗಿಗಳು ಪತ್ರಿಕೆಯನ್ನು ಹಿಂದಿನ ಪುಟಗಳ ಉದ್ಯೋಗ ಜಾಹೀರಾತುಗಳಿಂದಲೇ ಓದತೊಡಗುವುದನ್ನು ಗಮನಿಸಿದ್ದರು. 1997ರಲ್ಲಿ ಅವರು ಆರಂಭಿಸಿದ ಉದ್ಯೋಗ ಜಾಲತಾಣ ನೌಕ್ರಿ ಡಾಟ್ ಕಾಮ್‌ಗೆ ಅದೇ ಮೂಲ. ಬೆಂಗಳೂರು ಐಐಎಂನ ಎನ್‌ಎಸ್‌ಆರ್‌ಸಿಇಎಲ್‌ನಂಥ ನವೋದ್ಯಮ ಪೋಷಣಾ ಕೇಂದ್ರಗಳು ಮಾರ್ಗದರ್ಶನ ನೀಡಿ ಆರಂಭದ ಅಳುಕನ್ನು ತಗ್ಗಿಸುತ್ತವೆ.