ಷರತ್ತಿನ ಮೇಲೆ ಪ್ರವೇಶ

1933ನೆಯ ಇಸವಿ. ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ನೊಬೆಲ್ ಪುರಸ್ಕೃತ ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದ ಕಾಲ. ಮುಂಬಯಿಯಲ್ಲಿ ಪದವಿ ಮುಗಿಸಿದ ಕಮಲಾ ಭಾಗವತ್ ಎಂಬ ತರುಣಿ ಅಲ್ಲಿ ಸಂಶೋಧನೆಗೆ ಅರ್ಜಿ ಹಾಕಿದರು. ಆಕೆಯ ತಂದೆ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿತವರು. ಆದರೂ ಅರ್ಜಿ ತಿರಸ್ಕೃತವಾಯಿತು. ಅರ್ಜಿದಾರಳು ಹೆಣ್ಣು ಎಂಬುದೊಂದೇ ಕಾರಣ.

ಕಮಲಾ ಸುಮ್ಮನಾಗಲಿಲ್ಲ. ಬೆಂಗಳೂರಿಗೇ ಬಂದು ಕಾರಣ ಕೇಳಿದರು, ಸತ್ಯಾಗ್ರಹ ಹೂಡಿದರು. ಗಾಂಧಿಯುಗದಲ್ಲಿ ಬೆಳೆದವರಿಗೆ ಆ ದಾರಿ ಹೊಸದೇನಲ್ಲ. ಕಡೆಗೆ ಪ್ರವೇಶ ದೊರೆಯಿತು, ಷರತ್ತುಗಳ ಮೇಲೆ. ಮೊದಲ ವರ್ಷ ಅವರು ಪೂರ್ಣ ವಿದ್ಯಾರ್ಥಿನಿಯಲ್ಲ. ಕೆಲಸ ನಿರ್ದೇಶಕರಿಗೆ ಮೆಚ್ಚುಗೆಯಾದರಷ್ಟೇ ಮಾನ್ಯತೆ. ಅವರಿಂದಾಗಿ ಪ್ರಯೋಗಾಲಯದ ವಾತಾವರಣ ಕೆಡಕೂಡದು. ಈ ಕೊನೆಯ ಮಾತು ಇಂದಿಗೂ ಮೈ ಉರಿಸುತ್ತದೆ. ಗಂಡಸರ ಮನಸ್ಸು ಚಂಚಲವಾದರೆ ಅದಕ್ಕೂ ಓದಲು ಬಂದ ಹುಡುಗಿಯೇ ಹೊಣೆ!

ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನನ್ನು ಅಭ್ಯಸಿಸಿ ಕಮಲಾ 1936ರಲ್ಲಿ ಎಂ.ಎಸ್ಸಿ. ಪಡೆದರು, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್. ಅಷ್ಟರಲ್ಲಿ ರಾಮನ್ನರ ನಿಲುವೂ ಸಡಿಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಳ ಸಿಗತೊಡಗಿತ್ತು.

ಸ್ಥಳ ಸಿಕ್ಕಿತು, ಸಲಿಗೆ ಸಿಗಲಿಲ್ಲ. 1940ರಲ್ಲಿ ರಾಮನ್ನರ ಪ್ರಯೋಗಾಲಯ ಸೇರಿದ ತಿರುವಾಂಕೂರಿನ ಅನ್ನಾ ಮಣಿಯವರದು ವಜ್ರ, ಮಾಣಿಕ್ಯಗಳ ರೋಹಿತದ ಅಧ್ಯಯನ. ಒಂದೊಂದು ಫೋಟೊ ಫಲಕಕ್ಕೂ 15ರಿಂದ 20 ಗಂಟೆ ಬೆಳಕು ಹಿಡಿಯಬೇಕು. ಎಷ್ಟೋ ರಾತ್ರಿ ಅವರು ಉಪಕರಣದ ಬಳಿಯೇ ಬೆಳಗು ಮಾಡಿದರು. ಆದರೆ ಹುಡುಗ ಹುಡುಗಿಯರು ಬೆರೆತು ಮಾತಾಡುವುದು ರಾಮನ್ನರಿಗೆ ಸೇರದು. ಸಹಪಾಠಿಗಳ ನಡುವಿನ ವಾದ, ತರ್ಕ, ಹರಟೆಯಲ್ಲಿ ಹುಟ್ಟುವ ವಿಜ್ಞಾನ ಆಕೆಗೆ ಎಟುಕಲಿಲ್ಲ. ನನ್ನ ಎಣಿಕೆಯಲ್ಲಿ ದೊಡ್ಡ ನಷ್ಟ ಅದೇ. ರಾತ್ರಿಯ ಮೇಲಿನ ಹಕ್ಕನ್ನಂತೂ ಮುಂದಿನ ತಲೆಮಾರುಗಳು ಮತ್ತೆ ಬೇಡಬೇಕಾಯಿತು: ಹುಡುಗಿಯರ ಹಾಸ್ಟೆಲಿಗೆ ಮಾತ್ರ ಬೇಗ ಬೀಗ ಬೀಳುವುದೇಕೆಂದು ಕೇಳುತ್ತ 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’ (ಪಂಜರ ಮುರಿ) ಎಂದು ಬೀದಿಗಿಳಿದರು.

ಅನ್ನಾ ಮಣಿ 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದರು. ಎಂ.ಎಸ್ಸಿ. ಪದವಿಯಿಲ್ಲವೆಂದು ಡಾಕ್ಟರೇಟ್ ನಿರಾಕರಿಸಲಾಯಿತು. ಬರೆದಿದ್ದ ಐದು ಲೇಖನಗಳು ಲೆಕ್ಕಕ್ಕೆ ಬರಲಿಲ್ಲ. ಆಕೆ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು ಬಂದರು. ಸ್ವತಂತ್ರ ಭಾರತದ ಹವಾಮಾನ ಇಲಾಖೆ ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ಕಾರ್ಯವನ್ನು ಕಟ್ಟಿ ನಿಲ್ಲಿಸಿ, 1976ರಲ್ಲಿ ಅದರ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು.