ತಾರಸಿ ಬಾರ್ ಪರವಾನಗಿ (ಬೆಂಗಳೂರು)

ಕಟ್ಟಡದ ತಾರಸಿ, ಅಂಗಳ ಅಥವಾ ಹೊರಜಗಲಿಯಲ್ಲಿ ಮದ್ಯ ಪೂರೈಸಲು ಪಡೆಯಬೇಕಾದ ಅನುಮತಿಗಳ ಒಟ್ಟು ವ್ಯವಸ್ಥೆ. ಈ ಹೆಸರಿನ ಒಂದೇ ಪರವಾನಗಿ ಬೆಂಗಳೂರಿನಲ್ಲಿ ಎಂದೂ ಇರಲಿಲ್ಲ. ಮದ್ಯದ ಸನ್ನದು ಅಬಕಾರಿ ಇಲಾಖೆಯದು, ಉದ್ದಿಮೆ ಪರವಾನಗಿ ಪಾಲಿಕೆಯದು, ಸಂಗೀತದ ಅನುಮತಿ ಪೊಲೀಸ್ ಆಯುಕ್ತರದು; ಭೂಬಳಕೆ ಗೊತ್ತುಪಡಿಸಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿ.ಡಿ.ಎ.). ವರದಿಗಳು ಇವನ್ನು ಬೇರ್ಪಡಿಸದೆ ಬರೆದದ್ದರಿಂದ ಯಾವ ಬಾರ್ ಯಾವ ಕಾರಣಕ್ಕೆ ಮುಚ್ಚಿತೆಂಬುದು ಹಲವೆಡೆ ಕಲಸಿಹೋಗಿದೆ.

1965ರ ಕರ್ನಾಟಕ ಅಬಕಾರಿ ಕಾಯ್ದೆ ಮತ್ತು 1967ರ ಸನ್ನದು ಸಾಮಾನ್ಯ ಷರತ್ತುಗಳ ನಿಯಮಗಳು ಇದರ ಬುನಾದಿ. ಶಾಲೆ, ದೇವಸ್ಥಾನ, ಆಸ್ಪತ್ರೆ, ಸರ್ಕಾರಿ ಕಚೇರಿ ಇವುಗಳಿಂದ 100 ಮೀಟರ್ ಅಂತರವಿರಬೇಕು; ಪರಿಶಿಷ್ಟರು ಹೆಚ್ಚಾಗಿ ವಾಸಿಸುವ ಬಡಾವಣೆಗೂ ಇದೇ ರಕ್ಷಣೆ ಉಂಟು. ಉಳಿದ ವಸತಿ ಬಡಾವಣೆಗಳ ಹೆಸರು ಈ ಪಟ್ಟಿಯಲ್ಲಿಲ್ಲ. ಪಕ್ಕದ ಮನೆಯವರಿಗೆ ಅಂತರದ ಹಕ್ಕೇ ಇಲ್ಲದಿರುವುದು ಮುಂದಿನ ಎಲ್ಲ ವ್ಯಾಜ್ಯಗಳ ಮೂಲವೆನ್ನಬಹುದು.

1980ರ ದಶಕದ ಪಬ್‌ಗಳು ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಗಳ ವಾಣಿಜ್ಯ ಪ್ರದೇಶದಲ್ಲಿದ್ದವು; ಅವುಗಳ ಕಥೆ ಸಾಕಷ್ಟು ದಾಖಲಾಗಿದೆ. ಅದಕ್ಕಿಂತ ಮುಖ್ಯವಾದರೂ ಹೆಚ್ಚು ಗಮನ ಪಡೆಯದ ತಿರುವು 1992ರದು. ಆಗಿನಿಂದ ಮದ್ಯದಂಗಡಿ (ಸಿ.ಎಲ್.-2) ಮತ್ತು ಬಾರ್ (ಸಿ.ಎಲ್.-9) ಸನ್ನದುಗಳನ್ನು ಸರ್ಕಾರ ಹೊಸದಾಗಿ ಕೊಡುವುದನ್ನು ನಿಲ್ಲಿಸಿತು. ಹಳೆಯ ಸನ್ನದುಗಳಿಗೆ ಬೆಲೆ ಏರಿ, ಅವು ಕೈ ಬದಲಾಯಿಸಿದವು, ಒಂದು ಬೀದಿಯಿಂದ ಇನ್ನೊಂದಕ್ಕೆ ಸ್ಥಳಾಂತರಗೊಂಡವು. ಮಿತಿ ಹೇರಿದ್ದು ಸನ್ನದುಗಳ ಸಂಖ್ಯೆಗೆ; ಅವು ಎಲ್ಲಿಗೆ ಹೋಗಬೇಕೆಂಬುದಕ್ಕೆ ನಗರಯೋಜನೆಯ ದೃಷ್ಟಿಯಿಂದ ಉತ್ತರ ಕೊಟ್ಟವರಿಲ್ಲ.

2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್-2015 ಮಿಶ್ರ ಭೂಬಳಕೆಗೆ ಅವಕಾಶ ಕೊಟ್ಟು, ರಸ್ತೆಯ ಅಗಲವನ್ನು ವಾಣಿಜ್ಯ ಚಟುವಟಿಕೆಯ ಅಳತೆಗೋಲಾಗಿಸಿತು. ಇಂದಿರಾನಗರದ ನೂರಡಿ ರಸ್ತೆ, 12ನೇ ಮುಖ್ಯರಸ್ತೆ, ಕೋರಮಂಗಲಗಳಲ್ಲಿ ಮನೆಗಳ ಮಗ್ಗುಲಲ್ಲೇ ಪಬ್‌ಗಳು ಬಂದವು. 2017ರಲ್ಲಿ ಕರಡು ಪ್ರಕಟವಾದ 2031ರ ಯೋಜನೆ ಜಾರಿಗೆ ಬರಲಿಲ್ಲ.

ತಾರಸಿಯ ಪ್ರಶ್ನೆ ಬರುವುದು ಇಲ್ಲಿ. ಸನ್ನದು ನಿರ್ದಿಷ್ಟ ಚೆಕ್ಕುಬಂದಿಯ ಜಾಗಕ್ಕೆ ಮಾತ್ರ ಸೀಮಿತ. ನಕ್ಷೆಯಲ್ಲಿಲ್ಲದ ತಾರಸಿಯಲ್ಲಿ ಮೇಜು ಹಾಕಿದರೆ ಅಲ್ಲಿನ ಮಾರಾಟ ಅಕ್ರಮ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಅವಕಾಶವಿರುವುದು ಸಭಾಂಗಣದಂಥ ಮುಚ್ಚಿದ ಜಾಗಗಳಲ್ಲಿ. ನಾಲ್ಕು ಕಂಬದ ಮೇಲೆ ಶೀಟು ಹೊದಿಸಿದ ತಾರಸಿಯನ್ನು ಮುಚ್ಚಿದ ಜಾಗವೆನ್ನುವುದು ಕಷ್ಟ. ಗೋಡೆಯಿಲ್ಲದ ಕಡೆ ಹಾಡಿನ ಬಾಸ್ ನೇರವಾಗಿ ಎದುರುಮನೆಯ ಮಲಗುವ ಕೋಣೆಗೆ ನುಗ್ಗುತ್ತದೆ, ನಿವಾಸಿಗಳ ದೂರು ಸಕಾರಣವಾದದ್ದು.

2017ರ ಜುಲೈನಲ್ಲಿ ಎಂ.ಜಿ. ರಸ್ತೆ, ಇಂದಿರಾನಗರಗಳ ಬಾರ್‌ಗಳು ಕೆಲಕಾಲ ಮುಚ್ಚಿದ್ದನ್ನು ನಿವಾಸಿಗಳ ಹೋರಾಟದ ಫಲವೆಂದು ತಿಳಿದರೆ ತಪ್ಪು. ಹೆದ್ದಾರಿಯಂಚಿನ ಮದ್ಯ ಮಾರಾಟದ ವಿರುದ್ಧ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ್ದ ಆದೇಶ ಅದಕ್ಕೆ ಕಾರಣ. ಕರ್ನಾಟಕದ ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ಪರಿಣಾಮ ಜುಲೈನಲ್ಲಿ ಕಂಡಿತು. ನಿವಾಸಿಗಳಿಗೆ ನಿಜವಾಗಿ ನೆರವಾದದ್ದು 2018ರ ಜನವರಿ 25ರ ತೀರ್ಪು: ಲೈವ್ ಬ್ಯಾಂಡ್, ಡಿಸ್ಕೊಥೆಕ್‌ಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯಗೊಳಿಸಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ ಅದರಲ್ಲಿ ಎತ್ತಿಹಿಡಿಯಿತು.

ಅದೇ ಸುಮಾರಿಗೆ ಗಮನ ಬೆಂಕಿಯತ್ತ ತಿರುಗಿತು. 2017ರ ಡಿಸೆಂಬರ್ 29ರಂದು ಮುಂಬೈನ ಕಮಲಾ ಮಿಲ್ಸ್ ಆವರಣದ ತಾರಸಿ ಪಬ್‌ನಲ್ಲಿ 14 ಮಂದಿ ಸತ್ತರು; ಹತ್ತೇ ದಿನಕ್ಕೆ ಬೆಂಗಳೂರಿನ ಕಲಾಸಿಪಾಳ್ಯದ ಬಾರೊಂದರಲ್ಲಿ ಐವರು ಕೆಲಸಗಾರರು ಬೆಂಕಿಗೆ ಬಲಿಯಾದರು. 2023ರ ಅಕ್ಟೋಬರ್ 18ರಂದು ಕೋರಮಂಗಲದ ಬಳಿಯ ತಾರಸಿ ಕೆಫೆ ಹೊತ್ತಿ ಉರಿದಾಗ ಪಾಲಿಕೆ ಮತ್ತೆ ತಪಾಸಣೆಗಿಳಿಯಿತು. ವರ್ಷಗಳಿಂದ ನಿದ್ದೆಗೆಟ್ಟವರ ಅರ್ಜಿಗಳಿಗೆ ಸಿಗದ ವೇಗ ಈ ದುರಂತಗಳ ನಂತರ ಕಂಡಿತೆಂಬುದನ್ನು ದಾಖಲಿಸಬೇಕು.

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿ.ಬಿ.ಎಂ.ಪಿ.) ಹೋಗಿ ಐದು ನಗರಪಾಲಿಕೆಗಳು ಬಂದವು. ಉದ್ದಿಮೆ ಪರವಾನಗಿ ಈಗ ಅವುಗಳ ಕೈಯಲ್ಲಿದೆ. ಮದ್ಯದ ಸನ್ನದು ಮೊದಲಿನಂತೆ ಅಬಕಾರಿ ಇಲಾಖೆಯಲ್ಲೇ ಉಳಿದಿದೆ.