ಮಂಗನ ಮೂಳೆ, ಮನುಷ್ಯನ ಮೂಳೆ

ನಾಯಿ, ಕುದುರೆ, ಮಂಗ ಮೊದಲಾದ ಸ್ತನಿಗಳಲ್ಲಿ ಬಾಚಿಹಲ್ಲುಗಳು ಕೂತಿರುವ ಮೇಲ್ದವಡೆಯ ಮುಂಭಾಗ ಒಂದು ಬೇರೆಯೇ ಮೂಳೆ. ಪಕ್ಕದ ಮೂಳೆಗೆ ಅದು ಬೆಸೆದುಕೊಂಡ ಗೆರೆ ಬುರುಡೆಯ ಮೇಲೆ ಕಾಣುತ್ತದೆ. ಬೆಳೆದ ಮನುಷ್ಯನ ಬುರುಡೆಯನ್ನು ಎದುರಿನಿಂದ ನೋಡಿದರೆ ಆ ಗೆರೆ ಸಿಗದು. ಇಷ್ಟು ಸಣ್ಣ ವ್ಯತ್ಯಾಸದ ಸುತ್ತ ಯುರೋಪಿನ ಅಂಗರಚನಾ ಪಂಡಿತರ ತಕರಾರು ಶತಮಾನಗಟ್ಟಲೆ ನಡೆಯಿತು.

ಗೊಂದಲದ ಮೂಲ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್. ಆತ ಕೆಲಸ ಮಾಡಿದ ರೋಮಿನಲ್ಲಿ ಮನುಷ್ಯರ ಹೆಣ ಕುಯ್ಯುವಂತಿರಲಿಲ್ಲ. ಹಾಗಾಗಿ ಉತ್ತರ ಆಫ್ರಿಕದ ಬಾರ್ಬರಿ ಮಂಗ, ಹಂದಿ, ನಾಯಿಗಳನ್ನು ಕುಯ್ದು ಕಂಡದ್ದನ್ನೇ ಮನುಷ್ಯನಿಗೂ ಹೇಳಿದ. ಎದೆಮೂಳೆಯಲ್ಲಿ ಏಳು ತುಂಡು, ಕೆಳದವಡೆಯಲ್ಲಿ ಎರಡು ಮೂಳೆ ಎಂಬ ಅವನ ಮಾತನ್ನು ಸಾವಿರದ ಮುನ್ನೂರು ವರ್ಷ ಬಹುಮಟ್ಟಿಗೆ ಯಾರೂ ಕೆದಕಲಿಲ್ಲ.

ಕೆದಕಿದವನು ಪಾದುವದಲ್ಲಿ ಪಾಠ ಹೇಳುತ್ತಿದ್ದ ಆಂಡ್ರಿಯಾಸ್ ವೆಸಾಲಿಯಸ್. 1540ರಲ್ಲಿ ಬೊಲೊನ್ಯದಲ್ಲಿ ಆತ ಮಂಗನ ಮತ್ತು ಮನುಷ್ಯನ ಅಸ್ಥಿಪಂಜರಗಳನ್ನು ಜೋಡಿಸಿ ಅಕ್ಕಪಕ್ಕ ನಿಲ್ಲಿಸಿದ. ಗ್ಯಾಲೆನ್ ಹೇಳಿದ ಬೆನ್ನುಮೂಳೆಯ ಒಂದು ಸಣ್ಣ ಚಾಚು ಮಂಗನಲ್ಲಿತ್ತು, ಮನುಷ್ಯನಲ್ಲಿ ಇರಲಿಲ್ಲ. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಅವನ ‘ಫಾಬ್ರಿಕ’ ಗ್ರಂಥದ ಒಂದು ಚಿತ್ರದಲ್ಲಿ ಮನುಷ್ಯನ ಬುರುಡೆ ನಾಯಿಯ ಬುರುಡೆಯ ಮೇಲೆ ಕೂತಿದೆ. ಅದು ಅಲಂಕಾರಕ್ಕಲ್ಲ, ಗ್ಯಾಲೆನ್ ವರ್ಣಿಸಿದ ದವಡೆಯ ಗೆರೆ ಯಾರ ಬುರುಡೆಯಲ್ಲಿದೆ ಎಂದು ತೋರಿಸಲಿಕ್ಕೆ. ವೆಸಾಲಿಯಸ್‌ನ ಗುರು ಸಿಲ್ವಿಯಸ್ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಗ್ಯಾಲೆನ್ ತಪ್ಪಿಲ್ಲ, ಅವನ ಕಾಲದಿಂದೀಚೆಗೆ ಮನುಷ್ಯನ ಮೈಯೇ ಬದಲಾಗಿದೆ ಎಂದು ವಾದಿಸಿದ. ಗುರುಭಕ್ತಿಗೂ ಒಂದು ಮಿತಿ ಬೇಡವೇ?

ಮಂಗನನ್ನೂ ಮನುಷ್ಯನನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಮುಂದೆಯೂ ನಡೆಯಿತು. 1699ರಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ಟೈಸನ್ ಒಂದು ಎಳೆಯ ಚಿಂಪಾಂಜಿಯನ್ನು ಕುಯ್ದು ಬರೆದ ವರದಿಯಲ್ಲಿ, ಮಂಗಗಳಿಗಿಂತ ಮನುಷ್ಯನನ್ನು ಹೆಚ್ಚು ಹೋಲುವ 48 ಲಕ್ಷಣಗಳನ್ನೂ ಮಂಗಗಳನ್ನೇ ಹೆಚ್ಚು ಹೋಲುವ 34 ಲಕ್ಷಣಗಳನ್ನೂ ಪಟ್ಟಿ ಮಾಡಿದ. 1764ರಲ್ಲಿ ಫ್ರಾನ್ಸಿನ ಪಂಡಿತ ದೊಬಾಂತೊಂ ಬುರುಡೆಯ ತಳದ ದೊಡ್ಡ ರಂಧ್ರದ ಜಾಗವನ್ನು ಹೋಲಿಸಿ ನೋಡಿದ. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಅದು ಹಿಂದಕ್ಕಿದೆ; ನೆಟ್ಟಗೆ ನಡೆಯುವ ಮನುಷ್ಯನಲ್ಲಿ ಬುರುಡೆಯ ನಡುವಿಗೆ ಸರಿದಿದೆ.

ಮೇಲ್ದವಡೆಯ ಮುಂಭಾಗದ ಆ ಮೂಳೆ ಇಲ್ಲದಿರುವುದೇ ಮನುಷ್ಯನನ್ನು ವಾನರನಿಂದ ಬೇರ್ಪಡಿಸುವ ಗುರುತು ಎಂದು ಡಚ್ ಪಂಡಿತ ಪೀಟರ್ ಕಾಂಪರ್ ಸಾಧಿಸುತ್ತಿದ್ದ. ಜರ್ಮನ್ ಕವಿ ಗಯಟೆಗೆ ಇದು ಸರಿಕಾಣಲಿಲ್ಲ. 1784ರ ಮಾರ್ಚಿನಲ್ಲಿ ಯೇನಾದಲ್ಲಿ ಲೋಡರ್ ಎಂಬ ಪ್ರಾಧ್ಯಾಪಕನೊಡನೆ ಬುರುಡೆಗಳನ್ನು ಹೋಲಿಸುತ್ತ, ಮನುಷ್ಯನ ಅಂಗುಳಿನಲ್ಲಿ ಆ ಗೆರೆಯ ಉಳಿಕೆಯನ್ನು ಕಂಡ. ಬೇರೆ ಪ್ರಾಣಿಗಳೊಡನೆ ಹೋಲಿಸಲು ಅದೇ ವರ್ಷ ಆನೆಯ ಬುರುಡೆಯೊಂದನ್ನು ಎರವಲು ತರಿಸಿಕೊಂಡ. ಜನ ಹುಚ್ಚನೆಂದಾರು ಎಂದು ಅದನ್ನು ಒಳಕೋಣೆಯಲ್ಲಿ ಬಚ್ಚಿಟ್ಟಿದ್ದ; ಪೆಟ್ಟಿಗೆಯಲ್ಲಿ ಇರುವುದು ಪಿಂಗಾಣಿ ಎಂದು ಮನೆಯೊಡತಿ ತಿಳಿದಿದ್ದಳು. ಈ ಮೂಳೆಯ ಬಗ್ಗೆ ಗಯಟೆ ಬರೆದ ಬರಹವನ್ನು ಕಾಂಪರ್ ಓದಿ ವಾಲ್ರಸ್‌ನಲ್ಲಿ ಆ ಮೂಳೆ ಇರುವುದನ್ನು ಒಪ್ಪಿದ, ಮನುಷ್ಯನಲ್ಲಿ ಇರುವುದನ್ನು ಒಪ್ಪಲಿಲ್ಲ. ಬರಹ ಅಚ್ಚಾದದ್ದು 1820ರಲ್ಲಿ. ಪ್ಯಾರಿಸ್ಸಿನ ವೈದ್ಯ ವಿಕ್ ದಾಜಿರ್ ಗಯಟೆಗಿಂತ ಮೊದಲೇ ಇದನ್ನು ಗಮನಿಸಿದ್ದ. ಹೆಸರು ಬಂದದ್ದು ಕವಿಗೆ.

ಆಮೇಲೆ ಇರುವ–ಇಲ್ಲದ ಮೂಳೆಗಳ ಎಣಿಕೆ ಹಿಂದೆ ಸರಿದು, ಒಂದೇ ಮೂಳೆ ಬೇರೆಬೇರೆ ಪ್ರಾಣಿಗಳಲ್ಲಿ ಹೇಗೆ ರೂಪ ಬದಲಿಸಿದೆ ಎಂಬ ಪ್ರಶ್ನೆ ಮುಂದೆ ಬಂತು. ಜಿರಾಫೆಯ ಕತ್ತಿನಲ್ಲೂ ಮನುಷ್ಯನ ಕತ್ತಿನಲ್ಲೂ ಏಳೇ ಮೂಳೆ. 1863ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ತನ್ನ ಪುಸ್ತಕದ ಮೊದಲಲ್ಲೇ ಗಿಬ್ಬನ್, ಒರಾಂಗುಟಾನ್, ಚಿಂಪಾಂಜಿ, ಗೊರಿಲ್ಲ, ಮನುಷ್ಯ ಈ ಐವರ ಅಸ್ಥಿಪಂಜರಗಳನ್ನು ಸಾಲಾಗಿ ಅಚ್ಚುಹಾಕಿಸಿದ.

ಜಗಳದ ಆ ಮೂಳೆ ಮನುಷ್ಯನಲ್ಲೂ ಇದೆ. ಮುಖದ ಕಡೆಯಲ್ಲಿ ಅದು ತಾಯಿಯ ಗರ್ಭದಲ್ಲೇ ಬೆಸೆದು ಹೋಗುತ್ತದೆ; ಅಂಗುಳಿನ ಕಡೆ ಗೆರೆ ಎಳೆಯ ಮಕ್ಕಳ ಬುರುಡೆಯಲ್ಲಿ ಇನ್ನೂ ಕಾಣಸಿಗುತ್ತದೆ.